ನೆರಳಾಗ ಒಣಗಿಸೋ ಮಸಾಲಿ

ನಮ್ಮ ಅತ್ತಿ ತಾರವ್ವ ಯಾರಿಗೂ ಸುಮ್ಮಸುಮ್ಮನ ಛಲೋ ಅನ್ನಾಕಿ ಅಲ್ಲ. ನಾ ಸಾವಳಗಿಯಿಂದ ಬನಹಟ್ಟಿಗೆ ಸೊಸಿ ಆಗಿ ಬಂದ ಹತ್ತೊಂಬತ್ತ ವರ್ಷಾತು. ಅಷ್ಟೂ ವರ್ಷ ಆಕಿ ಗಂಗಾಳಕ್ಕ ನಾನ ಬಡಿಸೇನಿ. ಉಪ್ಪ ಹೆಚ್ಚಾದ್ರ "ಉಪ್ಪ" ಅಂತಿದ್ಲು, ಕಡಿಮಿ ಆದ್ರೂ "ಉಪ್ಪ" ಅಂತಿದ್ಲು, ಸರಿ ಇದ್ರ ಸುಮ್ಮ ಉಂಡ ಏಳತಿದ್ಲು. ಓಣಿ ಮಂದಿ ನನ್ನ ಗುರೆಳ್ಳ ಚಟ್ನಿಗೆ ಡಬ್ಬಿ ಹಿಡಕೊಂಡ ಬರತಾರ. ನಮ್ಮ ಮನಿಯವರ ಮಗ್ಗದಾಗಿನ ಕೆಲಸಗಾರ್ರು ಬುತ್ತಿ ಬಿಚ್ಚಿದ್ರ ಸಾಕು, "ಅಕ್ಕಾರ, ಒಂದೀಟ ಅಗಸಿ ಹಿಂಡಿ ಕೊಡ್ರಿ" ಅಂತಾರ. ಅತ್ತಿ ಬಾಯಿಂದ ಮಾತ್ರ ಒಂದ ದಿನ, ಒಂದ ಸಲ, "ಛಲೋ ಆಗೈತಿ ಸುವರ್ಣಾ" ಅಂತ ಬರಲಿಲ್ಲ. ಇರಲಿ ಬಿಡು, ಆಕಿ ಸ್ವಭಾವನ ಹಂಗ ಅಂತ ನನಗ ನಾನ ಹೇಳ್ಕೊಂಡಿದ್ದೆ.

ಆ ಮಾತ ಆಕಿ ಮೊದಲ ಸಲ ಆಡಿದ್ದು ಪ್ರತಿಮಾಗ.

ಪ್ರತಿಮಾ ನನ್ನ ಮೈದುನ ಅಮೋಲನ ಹೆಂಡತಿ. ಬೀಳಗಿಯಾಕಿ. ಬಂದ ಎರಡ ವರ್ಷ ಆಗಿಲ್ಲ, ರಬಕವಿ ಬ್ಯಾಂಕಿನ್ಯಾಗ ನೌಕರಿ. ಮುಂಜಾನೆ ಒಂಬತ್ತಕ್ಕ ಸ್ಕೂಟಿ ಹತ್ತಿದ್ರ ಸಂಜಿ ಐದೂವರಿಗೆ ಬರಾಕಿ. ನಮ್ಮದು ಜೈನರ ಮನಿ, ಹೊತ್ತ ಮುಳಗೂದ್ರಾಗ ಊಟ ಆಗಬೇಕು. ಅಂದಮ್ಯಾಲ ಅಡಗಿ ಯಾರ ಮಾಡಬೇಕು? ನಾನ. ಆಕಿ ಬಂದ ಕೈ ತೊಳಕೊಂಡ ಗಂಗಾಳ ಇಡತಾಳ, ಅಷ್ಟ.

ಈ ವರ್ಷ ಹೋಳಿ ಹುಣ್ಣಿಮಿ ಮುಂದ ಅತ್ತಿ ತಾರವ್ವಗ ಹೊಟ್ಟಿ ಉರಿ ಶುರುವಾತು, ಬಿಪಿನೂ ಏರಿತು. ಡಾಕ್ಟ್ರು ಖಾರ ಪೂರಾ ಬಂದ್, ಉಪ್ಪ ಅರ್ಧ ಅಂದ್ರು. ಯವ್ವಾ, ನನ್ನ ಕೈ ಕಟ್ಟಿ ಹಾಕಿದಂಗಾತು. ಖಾರ ಇಲ್ಲದ ನಾ ಏನ ಮಾಡ್ಲಿ? ಬ್ಯಾಳಿ ಕುದಿಸಿ ಇಟ್ರ "ಹುಲ್ಲ ತಿಂದಂಗ ಆಗತೈತಿ" ಅಂತಿದ್ಲು. ಎರಡ ರೊಟ್ಟಿ ಉಣ್ಣಾಕಿ ಅರ್ಧ ರೊಟ್ಟಿಗೆ ಬಂದ್ಲು, ಹದಿನೈದ ದಿನದಾಗ ಕೈಯಾನ ಬಳಿ ಮೊಳಕೈತನಕ ಸರದ್ವು.

ಆವಾಗ ಪ್ರತಿಮಾ ಒಂದ ಬಾಟಲಿ ತಂದ್ಲು. ಗ್ರೀಕ್ ಮಸಾಲಿ ಅಂತ. ಫೋನಿನ್ಯಾಗ ತರಿಸಿದ್ಲು.

"ಇದರಾಗ ಖಾರ ಇಲ್ರಿ ಅತ್ಯಾರ, ಬರೇ ಎಲಿ. ಗ್ರೀಕ್ ದೇಶದಾಗ ಮೊಸರಿನ ಮ್ಯಾಲ ಉದರಿಸ್ಕೊಂಡ ತಿಂತಾರಂತ."

"ಗ್ರೀಕ್ ಅಂದ್ರ ಎಲ್ಲಿ ಬರತೈತಿ? ಮಿರಜ್ ದಾಟಿ ಏನ?" ಅಂದ್ಲು ಅತ್ತಿ. ಪ್ರತಿಮಾ ನಕ್ಕಳು. ಅತ್ತಿ ಬಾಟಲಿ ಮೂಸಿ ನೋಡಿದ್ಲು, ಮುಖ ಕಿವಿಚಿದ್ಲು. "ಬಳ್ಳೊಳ್ಳಿ ಐತಿ. ಒಯ್ಯಿ ಆಚೆ."

ಬಳ್ಳೊಳ್ಳಿ, ಉಳ್ಳಾಗಡ್ಡಿ ಅತ್ತಿ ಮುಟ್ಟೂದಿಲ್ಲ, ಹುಟ್ಟಿದಾಗಿಂದ ಇಲ್ಲ. ನನಗ ಒಳಗೊಳಗ ಹಾಲ ಕುಡದಂಗಾತು. ಹಂಗ ಆಗಬೇಕ ಇಕಿಗೆ, ದೊಡ್ಡ ಶಾಣ್ಯಾಕಿ ಅಂದೆ ಮನಸಿನ್ಯಾಗ.

ಪ್ರತಿಮಾ ಬಿಡಲಿಲ್ಲ. ಬಾಟಲಿ ಮ್ಯಾಲಿನ ಚೀಟಿ ಓದಿ, ಬಳ್ಳೊಳ್ಳಿ ಬಿಟ್ಟ ಉಳದದ್ದ ಮನ್ಯಾಗ ಮಾಡತೇನಿ ಅಂದ್ಲು. ಒರಿಗ್ಯಾನೊ ಅನ್ನೋ ಒಂದ ಎಲಿ ಮಾತ್ರ ಒಣಗಿದ್ದ ಪಾಕೀಟಿನ್ಯಾಗ ತರಿಸಿದ್ಲು. ಪುದೀನಾ, ಸಬ್ಬಸಗಿ ಸಂತ್ಯಾಗ ತಂದ್ಲು. ಕಾಮಕಸ್ತೂರಿ ಹಿತ್ತಲದಾಗ ಇತ್ತು. ಇನ್ನೊಂದ ಎಲಿ ಏನಂತೀರಿ? ಮರುಗ! ಹೂವಿನ ಮಾಲ್ಯಾಗ ಕಟ್ಟತೇವಲ್ಲ, ಅದ. ಜಮಖಂಡಿ ಹೂವಿನ ಅಂಗಡಿಯಿಂದ ಒಂದ ಕಟ್ಟ ತಂದ ತೊಳದ್ಲು.

"ತಲಿಗೆ ಮುಡಿಯೋ ಮರುಗ ತಿನ್ನೂದೇನ ಮಾರಾಯ್ತಿ?" ಅಂದೆ ನಾ.

"ಆ ದೇಶದಾಗ ತಿಂತಾರ್ರಿ ಅಕ್ಕಾ."

ಕಾಳ ಕೇರೋ ಎರಡ ಮರಕ್ಕ ತೆಳ್ಳನ ಸೀರಿ ಅರಬಿ ಹಾಸಿ, ಎಲಿ ಹರವಿ, ಮ್ಯಾಲ ಇನ್ನೊಂದ ಅರಬಿ ಮುಚ್ಚಿ, ನೂಲ ಇಡೋ ಖೋಲ್ಯಾಗ ಇಟ್ಲು. ಬಿಸಲ ಬೀಳದ ಖೋಲಿ ಅದು. ಒಂದ ವಾರದ ಮ್ಯಾಲ ಅಂಗೈಯಾಗ ತಿಕ್ಕಿ ಪುಡಿ ಮಾಡಿ, ಒಣಗಿದ ಲಿಂಬಿಸಿಪ್ಪಿ ಕುಟ್ಟಿ ಹಾಕಿ, ಬಳ್ಳೊಳ್ಳಿ ಬದ್ಲಿ ಚಿಟಿಕಿ ಇಂಗ ಬೆರಸಿದ್ಲು. ಉಪ್ಪಿಲ್ಲ, ಖಾರಿಲ್ಲ, ಹುರಿಯಾಕ ಎಣ್ಣಿ ಇಲ್ಲ. ಇದೂ ಒಂದ ಮಸಾಲೀನ ಅಂತ ನಾ ನಗಾಕತ್ತಿದ್ದೆ.

ಆ ಸಂಜಿ ಕೆನಿಮೊಸರಿನ್ಯಾಗ ಸೌತಿಕಾಯಿ ಹೆರದು, ಮ್ಯಾಲ ಆ ಪುಡಿ ಉದರಿಸಿ ಅತ್ತಿ ಮುಂದ ಇಟ್ಲು. ಅತ್ತಿ ರೊಟ್ಟಿ ಮುರದ ಅದ್ದಿ ಬಾಯಾಗ ಹಾಕ್ಕೊಂಡ್ಲು. ಇನ್ನೊಂದ ತುತ್ತ. ಮತ್ತೊಂದ. ಅರ್ಧ ರೊಟ್ಟಿ ಒಂದಾತು, ಒಂದ ಎರಡಾತು. ಕೈಬಟ್ಟ ನೆಕ್ಕಿ ಅಂದ್ಲು:

"ಛಲೋ ಆಗೈತಿ, ಪ್ರತಿಮಾ."

ನಾ ಕೈಯಾನ ಸವಟ ಬ್ಯಾಳಿ ಗಡಿಗ್ಯಾಗ ಒಗದೆ. ಹತ್ತೊಂಬತ್ತ ವರ್ಷ ಒಲಿ ಮುಂದ ಕುಂತಾಕಿ ನಾನು. ಮೆಣಸಿನಕಾಯಿ ತೊಟ್ಟ ಬಿಡಿಸಿ, ಹುರದು, ಕುಟ್ಟಿ ಕೈ ಉರಿಸಿಕೊಂಡಾಕಿ ನಾನು. ನಿನ್ನೆ ಮೊನ್ನೆ ಬಂದಾಕಿ ನಾಕ ಎಲಿ ತಿಕ್ಕಿ ಉದರಿಸಿದ್ಲು, ಆಕಿಗೆ ಛಲೋ! ಅವತ್ತ ನಾ ಉಣಲಿಲ್ಲ. ತಲಿನೋವು ಅಂದೆ.

ಎರಡ ವಾರದಾಗ ಡಬ್ಬಿ ಖಾಲಿ ಆತು. ಪ್ರತಿಮಾ ಮತ್ತ ಎಲಿ ತಂದು ಹರವಿದ್ಲು. ಮರುದಿನ ಆಕಿ ಬ್ಯಾಂಕಿಗೆ ಹೋದಮ್ಯಾಲ ನಾ ಆ ಖೋಲಿಗೆ ಹೋದೆ. ಅರಬಿ ಎತ್ತಿದ್ರ ಮರುಗದ ವಾಸನಿ ಗಮ್ಮಂತ ಬಂತು. ಆ ವಾಸನಿಗೆ ನನ್ನ ಸಿಟ್ಟ ಇನ್ನೂ ಏರಿತು.

ಎರಡೂ ಮರ ಎತ್ಕೊಂಡ ಮಾಳಗಿ ಮ್ಯಾಲ ಹತ್ತಿದೆ. ಅಲ್ಲಿ ನನ್ನ ಬ್ಯಾಡಗಿ ಮೆಣಸಿನಕಾಯಿ ಹರವಿದ್ದು ಒಣಗಾಕತ್ತಿದ್ವು. ಅವುಗಳ ನಡಬರಕ ಎಲಿ ಮರ ಇಟ್ಟೆ. ಏಪ್ರಿಲ್ ಬಿಸಲು, ಕಾಲ ಇಟ್ರ ಅಂಗಾಲ ಸುಡತಿತ್ತು. ಯಾರರ ಕೇಳಿದ್ರ ಒಂದ ಉತ್ತರಾನೂ ರೆಡಿ ಇಟ್ಟಿದ್ದೆ: ನೆರಳಾಗ ಇಟ್ರ ಬೂಷ್ಟ ಬರತೈತಿ, ಬಿಸಲ ಕಾಣದ್ದ ಯಾವ ಮಸಾಲಿ ಐತಿ, ನಾವೆಲ್ಲಾ ಒಣಗಿಸೂದ ಬಿಸಲಿನ್ಯಾಗ. ಖರೆ ಹೇಳಲ್ಯಾ? ಕೆಡಲಿ ಅಂತನ ಇಟ್ಟೆ. ನಾಕ ಗಂಟೇಕ ಇಳಸಿ, ಅರಬಿ ಮುಚ್ಚಿ ಇದ್ದ ಜಾಗಕ್ಕ ಇಟ್ಟೆ. ಮೂರ ದಿನ ಹಂಗ ಮಾಡಿದೆ.

ನಾಕನೇ ದಿನ ಪ್ರತಿಮಾ ಒಂದ ಎಲಿ ತಿಕ್ಕಿ ಮೂಸಿದ್ಲು. ಎಲಿ ಬೆಳ್ಳಗ ಬೂದಿಗೆ ಬಂದಿತ್ತು, ವಾಸನಿ ಅನ್ನೂದ ಇಲ್ಲ. ಸುಮ್ಮ ಅರಬಿ ಝಾಡಿಸಿದ್ಲು, ಏನೋ ಬಗ್ಗಿ ಆರಿಸ್ಕೊಂಡ್ಲು, ನನ್ನ ಕಡೆ ನೋಡಿದ್ಲು.

"ನಾ ಆ ಖೋಲಿಗೆ ಹೋಗೇ ಇಲ್ಲವಾ" ಅಂದೆ. ಆಕಿ ಕೇಳಿರಲೇ ಇಲ್ಲ! ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡ ಅಂತಾರ, ನಾ ಕಳ್ಳ ಅನ್ನೂಕಿಂತ ಮೊದಲ ಮುಟ್ಟಿ ನೋಡ್ಕೊಂಡೆ.

"ಎಲಿ ಖರಾಬ್ ಇದ್ದಿರಬೇಕ್ರಿ ಅಕ್ಕಾ" ಅಂದ್ಲು ಪ್ರತಿಮಾ, ಅಷ್ಟ.

ಅತ್ತಿ ಮತ್ತ ಅರ್ಧ ರೊಟ್ಟಿಗೆ ಬಂದ್ಲು. "ಆ ಪುಡಿ ಎಲ್ಲೈತಿ?" ಅಂತ ಕೇಳತಿದ್ಲು, ಇಲ್ಲ ಅಂದ್ರ ಗಂಗಾಳ ಸರಸತಿದ್ಲು. ಪ್ರತಿಮಾಗ ಆ ವಾರ ಬ್ಯಾಂಕಿನ್ಯಾಗ ಮಾರ್ಚಿ ಲೆಕ್ಕದ ತಪಾಸಣಿ, ಜಮಖಂಡಿಗೆ ಹೋಗಾಕ ಆಗಲಿಲ್ಲ. ನನಗ ಪಾಪ ಅನ್ನಿಸ್ತು, ಇಲ್ಲನ್ನೂದಿಲ್ಲ. ಆದ್ರ ಪಾಪಕ್ಕಿಂತ ಮೊದಲ ಇನ್ನೊಂದ ವಿಚಾರ ಬಂತು: ಇದ ನನ್ನ ಪಾಳಿ. ನಾ ಮಾಡಿ ಕೊಟ್ರ ಆ ಮಾತ ನನಗ ಬರತೈತಿ.

ನಾನ ಬಸ್ಸ ಹತ್ತಿ ಜಮಖಂಡಿಗೆ ಹೋಗಿ ಮರುಗ ತಂದೆ. ಪುದೀನಾ, ಸಬ್ಬಸಗಿ, ಕಾಮಕಸ್ತೂರಿ ಎಲ್ಲಾ ಕೂಡಿಸಿದೆ. ಈ ಸಲ ಖರೇನ ಛಲೋ ಮಾಡಬೇಕಂತ ಮಾಡಿದೆ. ಆದ್ರ ನನ್ನ ಕೈ ಐತಲ್ಲ, ಅದಕ್ಕ ಖಾರ ಮಾಡೂದೊಂದ ಗೊತ್ತು. ಬಿಸಲಿಗೆ ಇಡಲಿಲ್ಲ, ಅಷ್ಟ ಬುದ್ಧಿ ಇತ್ತು. ನೆರಳಾಗ ಐದ ದಿನ ಆದಮ್ಯಾಲ ಇನ್ನೂ ಮೆತ್ತಗದಾವು ಅನ್ನಿಸ್ತು, ಮಸಾಲಿ ಅಂದಮ್ಯಾಲ ಹುರೀಲಿಲ್ಲಂದ್ರ ಹೆಂಗ ಅಂತ ಕಬ್ಬಿಣ ಬಾಣಲಿ ಇಟ್ಟು, ಒಂದ ಚಮಚ ಎಣ್ಣಿ ಬಿಟ್ಟು ಎಲಿ ಹಾಕಿದೆ. ಚುಂಯ್ ಅಂದ್ವು. ಕಣ್ಣ ಪಿಳಕಿಸೂದ್ರಾಗ ಕರ್ರಗಾದ್ವು. ಆದ್ರೂ ಕುಟ್ಟಿದೆ, ಆದ್ರೂ ಮೊಸರಿನ ಮ್ಯಾಲ ಉದರಿಸಿದೆ.

ಅತ್ತಿ ಒಂದ ತುತ್ತ ತಿಂದು ಗಂಗಾಳದ ಅಂಚಿಗೆ ಉಗಳಿದ್ಲು.

"ಇದೇನವಾ, ನಿಪ್ಪಾಣಿ ತಂಬಾಕ?"

ನಮ್ಮ ಮನಿಯವ್ರು ನಕ್ಕರು. ಅಮೋಲ ನಕ್ಕ. ಪ್ರತಿಮಾ ಒಬ್ಬಾಕಿ ನಗಲಿಲ್ಲ, ಬಾಗಿ ಗಂಗಾಳ ಎತ್ಕೊಂಡ ಹೋದ್ಲು. ಆಕಿ ನಕ್ಕಿದ್ರ ಛಲೋ ಇತ್ತು. ಆಕಿ ನಗಲಿಲ್ಲ ಅನ್ನೂದಕ್ಕ ನನಗ ಹೆಚ್ಚ ಉರೀತು.

ಮುಂದಿನ ಆಯಿತಾರ ಪ್ರತಿಮಾ ಮೂರನೇ ಸಲ ಎಲಿ ಹರವಿದ್ಲು. ಈ ಸಲ ನಾ ಆ ಖೋಲಿ ಬಾಗಲಕ್ಕೂ ಹೋಗಲಿಲ್ಲ. ವಾರ ಕಳದು ಪುಡಿ ಆತು. ಸಂಜಿ ಐದೂವರಿ ದಾಟಿತ್ತು, ಹೊತ್ತ ಇನ್ನೂ ಇತ್ತು, ಅತ್ತಿ ಊಟಕ್ಕ ಕುಂತಿದ್ಲು. ಪ್ರತಿಮಾ ಡಬ್ಬಿ ನನ್ನ ಕೈಯಾಗ ಕೊಟ್ಟು, "ನೀವ ಉದರಸ್ರಿ ಅಕ್ಕಾ" ಅಂದ್ಲು. ಉದರಿಸಿದೆ.

ಅತ್ತಿ ತುತ್ತ ಬಾಯಾಗಿಟ್ಲು. ಕಣ್ಣ ಮುಚ್ಚಿ ಚಪ್ಪರಿಸಿದ್ಲು. "ಅವತ್ತಿಂದಕಿಂತ ಭಾರಿ ಆಗೈತಲ್ಲ" ಅಂದ್ಲು.

"ಈ ಸಲ ಅಕ್ಕಾ ಮಾಡ್ಯಾರ್ರಿ ಅತ್ಯಾರ" ಅಂದ್ಲು ಪ್ರತಿಮಾ.

ನಾ ಬಾಯಿ ತಗದೆ. ಇಲ್ಲರಿ, ನಾ ಅಲ್ಲ ಅನ್ನಾಕನ ತಗದಿದ್ದೆ. ಅಷ್ಟರಾಗ ಅತ್ತಿ ಮುಖ ಎತ್ತಿ, ನನ್ನ ಕಣ್ಣಾಗ ಕಣ್ಣಿಟ್ಟು ಅಂದ್ಲು:

"ಛಲೋ ಆಗೈತಿ, ಸುವರ್ಣಾ."

"ಹೂಂ ರಿ" ಅಂದೆ.

ಇನ್ನೊಂದ ರೊಟ್ಟಿ ಹಾಕಿದೆ. ಆಕಿ ಉಂಡ್ಲು.

ಮೋರಿ ಹಂತ್ಯಾಕ ಪ್ರತಿಮಾ ಗಂಗಾಳ ತಿಕ್ಕಾಕತ್ತಿದ್ಲು. ನಾ ಹೋಗಿ ನಿಂತೆ. "ಯಾಕ ಹಂಗ ಅಂದಿ?" ಅಂದೆ. ಆಕಿ ಕೈ ಒರಿಸ್ಕೊಂಡು, ಸೆರಗಿನ ಗಂಟ ಬಿಚ್ಚಿ, ನನ್ನ ಅಂಗೈಯಾಗ ಎರಡ ಬೀಜ ಇಟ್ಲು. ಮೆಣಸಿನಕಾಯಿ ಬೀಜ.

"ಅವತ್ತ ಎಲಿ ಅರಬ್ಯಾಗ ಸಿಕ್ಕಿದ್ವುರಿ. ಖೋಲ್ಯಾಗ ಮೆಣಸಿನಕಾಯಿ ಎಲ್ಲಿಂದ ಬರಬೇಕು?" ದನಿ ಏರಿಸಲಿಲ್ಲ, ಇಳಸಲೂ ಇಲ್ಲ. "ಒಂದ ಮಾತಿಗೆ ಇಷ್ಟ ಜಗ್ಗಾಡಬೇಕೇನ್ರಿ ಅಕ್ಕಾ? ತಗೋರಿ, ಆ ಮಾತ ನಿಮಗಿರಲಿ."

ಮತ್ತ ಗಂಗಾಳ ತಿಕ್ಕಾಕ ಕುಂತ್ಲು. ನನಗ ಆಕಿ ಜುಟ್ಟ ಹಿಡದ ಜಗ್ಗಬೇಕನ್ನಿಸ್ತು, ಕಾಲ ಮುಟ್ಟಬೇಕೂ ಅನ್ನಿಸ್ತು. ಎರಡೂ ಮಾಡಲಿಲ್ಲ.

ಈಗ ಅತ್ತಿ ಎರಡ ರೊಟ್ಟಿ ಉಣತಾಳ, ಬಳಿ ಮತ್ತ ಮುಂಗೈಗೆ ಬಂದಾವು. ಪುಡಿ ಪ್ರತಿಮಾನ ಮಾಡತಾಳ, ಎರಡ ಆಯಿತಾರಕ್ಕೊಮ್ಮೆ, ಆ ಖೋಲ್ಯಾಗ. ಸಂಜಿ ಮುಂದ ಡಬ್ಬಿ ನನ್ನ ಕೈಯಾಗ ಕೊಡತಾಳ. ಇಷ್ಟ ವರ್ಷ ಬಾಯಿ ಬಿಡಲಾರದ ಅತ್ತಿಗೆ ಈಗ ಅದ ರೂಢಿ ಬಿದ್ದೈತಿ, ದಿನಾ ಅಂತಾಳ ಛಲೋ ಆಗೈತಿ ಸುವರ್ಣಾ ಅಂತ. ದಿನಾ ನಾ ಹೂಂ ಅಂತೇನಿ. ಪ್ರತಿಮಾ ಬಾಜೂಕ ಕುಂತ ದಿನಾ ಕೇಳತಾಳ.