ತಿರುಗಬೇಕಿದ್ದ ಕೊಂಡಿ

ನಾನು ಬಡಗಿ. ಅಲುಗಾಡುವ ಕುರ್ಚಿ ಕಂಡರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಇಪ್ಪತ್ತೆಂಟು ವರ್ಷದಲ್ಲಿ ನಾನು ಕೂಡಿಸಿದ ಒಂದು ಕೀಲೂ ಸಡಿಲವಾಗಿಲ್ಲ. ಆ ಸೊಕ್ಕೇ ಕೆಡಿಸಿತು.

ಅಕ್ಕನ ಮಗಳು ನಮ್ಮಲ್ಲೇ ಇದ್ದು ರಸಾಯನಶಾಸ್ತ್ರ ಓದುತ್ತಾಳೆ. ಮೌಖಿಕ ಪರೀಕ್ಷೆಯಲ್ಲಿ ಬಾಯಿ ಬಿಡದೆ ಎರಡು ಸಲ ಫೇಲಾದವಳು. ಕೈಯಲ್ಲಿ ಏನಾದರೂ ಇದ್ದರೆ ಮಾತ್ರ ಅವಳಿಗೆ ಮಾತು ಹೊರಡುತ್ತದೆ. ಇವತ್ತಿನ ಪರೀಕ್ಷೆಯೇ ಕೊನೆಯ ಅವಕಾಶ. ಅದಕ್ಕೇ ನನ್ನಿಂದ ಮರದ ಗುಂಡುಗಳನ್ನು ಮಾಡಿಸಿಕೊಂಡು, ಕಡ್ಡಿ ಸಿಕ್ಕಿಸಿ, ಒಂದು ಅಣುವಿನ ಮಾದರಿ ಕಟ್ಟಿದ್ದಳು. ಸಾಲಾಗಿ ನಾಲ್ಕು ಕರಿ ಗುಂಡು, ಸುತ್ತ ಹತ್ತು ಬಿಳಿ.

ನಿನ್ನೆ ಸಂಜೆ ಎತ್ತಿ ನೋಡಿದರೆ ನಡುವಿನ ಕಡ್ಡಿ ಲೊಡಲೊಡ ಅನ್ನುತ್ತಿತ್ತು. ನನ್ನ ಮನೆಯಿಂದ ಹೋಗುವ ವಸ್ತುವೇ ಇದು! ಪೆಟ್ಟಿಗೆಯಲ್ಲಿ ಹಿಡಿಸಲೆಂದು ತುದಿಯ ಎರಡೂ ಕರಿ ಗುಂಡುಗಳನ್ನು ಒಂದೇ ಕಡೆ ತಿರುಗಿಸಿ, ಕೀಲುಕೀಲಿಗೂ ಅಂಟು ಬಿಟ್ಟು ಬಿಗಿದಿಟ್ಟೆ.

ಬೆಳಿಗ್ಗೆ ಪೆಟ್ಟಿಗೆ ತೆರೆದಳು.

“ಮಾವ, ಇದು ತಿರುಗ್ತಿಲ್ಲ.”

“ಯಾಕೆ ತಿರುಗುತ್ತೆ? ಆನೆ ಕೂತ್ರೂ ಅಲುಗಲ್ಲ.”

“ತಿರುಗೋದೇ ಪಾಠ, ಮಾವ! ಈ ಎರಡು ತುದಿ ಹೀಗೆ ಎದುರುಬದುರು ಬಂದ್ರೆ ಒಂದನ್ನೊಂದು ತಳ್ಳುತ್ತವೆ. ಅಣುವಿಗೆ ಇದೇ ಎಲ್ಲಕ್ಕಿಂತ ಕಷ್ಟದ ಭಂಗಿ. ನಡುವಿನ ಕೊಂಡಿ ತಿರುಗಿ, ಒಂದು ಆಚೆ ಒಂದು ಈಚೆ ಹೋದ್ರೆನೇ ಅದಕ್ಕೆ ಆರಾಮ. ನೀವು ಕಷ್ಟದಲ್ಲೇ ಅಂಟಿಸಿಬಿಟ್ರಿ.”

ನನ್ನ ಹೆಂಡತಿ ಒಳಗಿನಿಂದಲೇ ಶುರು ಮಾಡಿದಳು. “ಕೇಳೋಕೆ ಬಾಯಿ ಇರಲಿಲ್ವಾ? ಅಡುಗೆಮನೆ ಚಿಲಕ ಮೂರು ವರ್ಷದಿಂದ ಜೋತಾಡ್ತಿದೆ, ಅದು ಕಣ್ಣಿಗೆ ಬೀಳಲಿಲ್ಲ!”

ಬಿಸಿನೀರಿಗೆ ಹಿಡಿದೆ. ಜಗ್ಗಲಿಲ್ಲ. ನನ್ನದೇ ಅಂಟು, ಯಾರನ್ನು ಬೈಯಲಿ? ಹಲ್ಲು ಕಚ್ಚಿ ತಿರುಚಿದೆ.

“ಮೆಲ್ಲಗೆ ರೀ! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ...”

ಅವಳ ಮಾತು ಮುಗಿಯುವ ಮೊದಲೇ ನಡುವಿನ ಕಡ್ಡಿ ಲಟಕ್ಕೆಂದಿತು. ತೂತಿನೊಳಗೆ ಸಿಕ್ಕ ಚೂರು ಕೊರೆದು ತೆಗೆಯಲು ಅರ್ಧ ಗಂಟೆ ಬೇಕು. ಬಸ್ಸಿಗೆ ಹತ್ತು ನಿಮಿಷವೂ ಇರಲಿಲ್ಲ.

“ಎರಡು ಕೈಯಲ್ಲಿ ಎರಡು ತುಂಡು ಹಿಡ್ಕೊಂಡು ತಿರುಗಿಸಿ ತೋರಿಸು, ಕಂದ.”

“ಮುರಿದ ಕೊಂಡಿ ಬೇರೆ ಪಾಠ, ಮಾವ,” ಅಂದಳು. ಆದರೂ ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡಳು.

ಮನಸ್ಸು ತಡೆಯದೆ ನಾನೂ ಹಿಂದೆಯೇ ಹೋದೆ. ಪರೀಕ್ಷೆಯ ಕೋಣೆಯ ಕಿಟಕಿ ಅಂಗಳದ ಕಡೆಗಿತ್ತು. ಒಳಗೆ ಅವಳು ಎರಡು ಕೈಯಲ್ಲಿ ಎರಡು ತುಂಡು ಹಿಡಿದು ನಿಂತಿದ್ದಳು. ತುಟಿ ಹೊಲಿದಂತಿತ್ತು.

“ಹೇಳಮ್ಮ,” ಅಂದರು ಪರೀಕ್ಷಕರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದರು. ಮೂರನೆಯ ಸಲ ಇನ್ನೂ ಮೆತ್ತಗೆ ಅಂದರು. ಗದರಿದ್ದರೆ ಒಳಗೆ ನುಗ್ಗಿ ಜಗಳವಾದರೂ ಆಡುತ್ತಿದ್ದೆ.