ಬೇಯಿಸಿದ ಮಣ್ಣಿಗೆ ಹೆಪ್ಪು

ಮದೀಹಾಳ ಶುಚಿತ್ವ ಹುಬ್ಬಳ್ಳಿಯ ತವರಿನಲ್ಲೂ ಹೆಸರುವಾಸಿ, ಮಲೇಷ್ಯಾದ ಪುಚೊಂಗ್‌ನಲ್ಲಿ ಅವಳು ಕೆಲಸ ಮಾಡುವ ಗಿಡಗಳ ನರ್ಸರಿಯಲ್ಲೂ ಹೆಸರುವಾಸಿ. ಕ್ಲೈಂಟ್ ಒಬ್ಬರ ಒಣ ಗುಡ್ಡದ ನೆತ್ತಿಯಲ್ಲಿ ನೆಡಲು ಓಕ್ ಸಸಿ ಬೆಳೆಸುವ ಕೆಲಸ ಸಿಕ್ಕಾಗಲೂ ಅವಳು ಅದನ್ನೇ ಮಾಡಿದಳು. ಮಣ್ಣನ್ನು ಹಬೆಯಲ್ಲಿ ಬೇಯಿಸಿದಳು, ಬೀಜ ತಿಕ್ಕಿ ತೊಳೆದಳು, ಒಂದು ಹುಳುವೂ ಸುಳಿಯದಂತೆ ಕಾದಳು. ಸಸಿಗಳು ಹುಟ್ಟಿದವು, ಬಿಳಿಚಿಕೊಂಡವು, ಸತ್ತವು. ಇಷ್ಟು ಮುತುವರ್ಜಿಗೆ ಇದೇನಾ ಫಲ ಎಂದು ಅವಳಿಗೆ ಅಳುವೇ ಬಂತು.

ಒಂದು ಬೆಳಿಗ್ಗೆ ಮನೆಯಲ್ಲಿ ಹಾಲು ಕಾಯಿಸಿ, ಹೆಪ್ಪು ಹಾಕಲು ಮೊಸರಿಲ್ಲದೆ ಪಕ್ಕದ ತಮಿಳರ ಮನೆಯಿಂದ ಒಂದು ಚಮಚ ಕೇಳಿ ತಂದಳು. ಪಾತ್ರೆ ಮುಚ್ಚುವಾಗ ಥಟ್ಟನೆ ಹೊಳೆಯಿತು. ಓದಿದ್ದು ಮಣ್ಣಿನ ವಿಜ್ಞಾನ, ಮರೆತದ್ದು ಇದನ್ನೇ! ಓಕ್ ಬೇರಿಗೆ ಶಿಲೀಂಧ್ರದ ಜೊತೆ ಬೇಕು. ಬೇರು ತಲುಪದ ಕಡೆಯಿಂದ ಅದರ ಎಳೆಗಳು ನೀರು ತಂದುಕೊಡುತ್ತವೆ, ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಆ ಜೊತೆಗಾರನನ್ನೇ ಇವಳು ಬೇಯಿಸಿ ಕೊಂದಿದ್ದಳು.

ಗುಡ್ಡದ ಹಳೆಯ ಓಕ್ ಮರವೊಂದರ ಬುಡದಿಂದ ಮಣ್ಣು ತಂದು, ಹೊಸ ಸಸಿಗಳ ಚೀಲಕ್ಕೆ ಒಂದೊಂದು ಹಿಡಿ ಬೆರೆಸಿದಳು. ಬೇರಿನ ಸುತ್ತ ಬಿಳಿ ಎಳೆ ಹಬ್ಬಿತು. ಅದನ್ನು ನೋಡಿ ಅವಳ ಮ್ಯಾನೇಜರ್, ಮೈಸೂರಿನವರಾದರೂ ಮಲೇಷ್ಯಾದವರಂತೆ ಮಾತಿಗೆ 'ಲಾ' ಸೇರಿಸುವ ಗಂಗಾಧರ, ಹೌಹಾರಿದರು.

"ಏನ್ರೀ ಮದೀಹಾ, ಪೂರ್ತಿ ಬೂಷ್ಟು ಹಿಡಿದಿದೆ! ಕ್ಲೈಂಟ್ ನೋಡಿದ್ರೆ ಆರ್ಡರ್ ಕ್ಯಾನ್ಸಲ್ ಲಾ. ಮೊದ್ಲು ಔಷಧಿ ಹೊಡೆಸಿ."

"ಬೂಷ್ಟ ಅಲ್ರಿ ಸರ್, ಹೆಪ್ಪ ಅದು. ಔಷಧಿ ಹೊಡದ್ರ ಇವೂ ಸಾಯ್ತಾವ. ಒಂದು ಸಾಲಿಗೆ ಹೊಡಸ್ರಿ, ಒಂದು ಸಾಲು ನನಗ ಬಿಡ್ರಿ. ನನ್ನವು ಒಣಗಿದ್ರ ಕೆಲಸಾನ ಬಿಟ್ಟು ಹೋಗ್ತೀನಿ."

ಅಂದುಬಿಟ್ಟ ಮೇಲೆ ವೀಸಾ ನೆನಪಾಯಿತು. ಅದು ನಿಂತಿದ್ದೇ ಆ ಕೆಲಸದ ಮೇಲೆ. ಆದರೂ ಆಡಿದ ಮಾತನ್ನು ವಾಪಸು ಪಡೆಯುವ ಜಾತಿಯಲ್ಲ ಅವಳು. ಗಂಗಾಧರ ಒಪ್ಪಿ ಒಂದೇ ಸಾಲಿಗೆ ಔಷಧಿ ಹೊಡೆಸಿದರು; ಎರಡೂ ಸಾಲು ಗುಡ್ಡ ಸೇರಿದವು.

ಆ ವರ್ಷ, 2016ರಲ್ಲಿ, ಮಳೆ ಮುನಿಸಿಕೊಂಡಿತು. ಗುಡ್ಡದ ಮರಳು ನೆಲ ಕಾದ ಹಂಚಾಯಿತು. ಕ್ಲೈಂಟ್ ಕಡೆಯವರು ನೋಡಲು ಬಂದ ದಿನ ಮದೀಹಾ ಜೀವ ಕೈಯಲ್ಲಿ ಹಿಡಿದು ಹತ್ತಿದಳು. ಔಷಧಿ ಕುಡಿದ ಸಾಲಿನಲ್ಲಿ ಬರೀ ಒಣಕಡ್ಡಿಗಳು. ಅವಳ ಸಾಲು ಹಸಿರಾಗಿ ನಿಂತು ಚಿಗುರನ್ನೂ ಒಡೆದಿತ್ತು.

"ಇದು ಯಾರ ಕೆಲಸ?" ಎಂದು ಬಂದವರು ಕೇಳಿದರು. ಗಂಗಾಧರ ಪಕ್ಕಕ್ಕೆ ಸರಿದು ಅವಳನ್ನು ಮುಂದೆ ಬಿಟ್ಟರು. 'ನನ್ನದೇನಿದೆ, ಎಲ್ಲಾ ಸರ್ ಮಾರ್ಗದರ್ಶನ' ಎಂಬ ಮಾತು ಅವಳ ನಾಲಿಗೆ ತುದಿಗೆ ಬಂದಿತ್ತು. ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಕಲಿಸಿಟ್ಟ ವಿನಯ ಅದು. ಮದೀಹಾ ಅದನ್ನು ನುಂಗಿಕೊಂಡಳು.

"ನನ್ನದು," ಎಂದಳು.