ಹಳದಿ ಹಾಳೆಯ ಕೊನೆಯ ಕಾಲಂ

ನಾನು ಓದಿದ್ದರ ಹೆಸರು ಅಂತರಶಿಸ್ತೀಯ ಆರೋಗ್ಯ ಅಧ್ಯಯನ. ನಾನು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಒಂದು ಸಲ ಆಕಳಿಸಿರುತ್ತಾರೆ. ಚಿಕ್ಕಮ್ಮನಂತೂ ಐದು ವರ್ಷ ನನ್ನನ್ನು 'ಅರ್ಧ ಡಾಕ್ಟ್ರು' ಎಂದೇ ಕರೆದಳು.

"ಸೂಜಿ ಚುಚ್ಚೋಕೆ ಬರುತ್ತೇನೇ ನಿಂಗೆ?"

"ಇಲ್ಲ ಚಿಕ್ಕಮ್ಮ."

"ಮಾತ್ರೆ ಬರ್ಕೊಡ್ತೀಯಾ?"

"ಇಲ್ಲ."

"ಮತ್ತೆ ಅಷ್ಟು ದೊಡ್ಡ ಆಸ್ಪತ್ರೇಲಿ ಏನು ಮಣ್ಣು ಹೊರ್ತೀಯೇ?" ಎಂದು ಕೇಳಿ ತಾನೇ ಹೊಟ್ಟೆ ಹಿಡಿದು ನಗುವಳು. ವೈದ್ಯದ್ದು ಸ್ವಲ್ಪ, ಸಮಾಜದ್ದು ಸ್ವಲ್ಪ, ಲೆಕ್ಕ ಸ್ವಲ್ಪ, ಮನಸ್ಸಿನದು ಸ್ವಲ್ಪ, ಹೀಗೆ ಎಲ್ಲದರಲ್ಲೂ ಒಂದೊಂದು ಚಮಚ ಓದಿದ್ದ ನನಗೆ ಅದಕ್ಕೆ ಉತ್ತರ ಹೊಳೆಯುತ್ತಿರಲಿಲ್ಲ. ಉತ್ತರ ಕೊಡುತ್ತಿದ್ದದ್ದು ಅಪ್ಪ. ಅಪ್ಪ ಟೈಲರ್. ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಯನ್ನು ತೆಗೆದು ಹೇಳುತ್ತಿದ್ದ: "ನೋಡಮ್ಮಾ, ಅಂಗಡೀಲಿ ಒಬ್ಬ ಬಟ್ಟೆ ಕತ್ತರಿಸ್ತಾನೆ, ಒಬ್ಬ ಹೊಲೀತಾನೆ, ಒಬ್ಬ ಕಾಜಾ ಹಾಕ್ತಾನೆ. ಇದು ಯಾರ ಮೈಗೆ ಹೋಗುತ್ತಪ್ಪಾ ಅಂತ ಕೇಳೋರು ಒಬ್ರು ಬೇಕಲ್ವಾ? ಆಸ್ಪತ್ರೇಲಿ ಅದು ನನ್ ಮಗಳು." ನನ್ನ ಪ್ರಾಧ್ಯಾಪಕರು ಮೂರು ವರ್ಷ ಪಾಠ ಮಾಡಿದರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ನನ್ನ ಕೋಣೆ ಮೂರನೇ ಮಹಡಿಯಲ್ಲಿ, ಲಿಫ್ಟಿಗೂ ಒಗೆದ ಹೊದಿಕೆ ಇಡುವ ಕೋಣೆಗೂ ನಡುವೆ ಇದೆ. ಪ್ರತಿ ಮಂಗಳವಾರ ಹನ್ನೊಂದಕ್ಕೆ ಅಲ್ಲಿ ರೋಗಿಗಳನ್ನು ಮನೆಗೆ ಕಳಿಸುವ ಸಭೆ. ಡಾಕ್ಟರು, ದೊಡ್ಡ ಸಿಸ್ಟರ್, ಫಿಸಿಯೋ, ನುಂಗುವುದನ್ನು ಕಲಿಸುವ ಥೆರಪಿಸ್ಟ್, ಪಥ್ಯ ಹೇಳುವಾಕೆ, ಔಷಧಿ ಅಂಗಡಿಯವನು, ಆರು ಜನ. ಒಬ್ಬೊಬ್ಬರದೂ ಒಂದೊಂದು ಭಾಷೆ, ಒಬ್ಬರ ಮಾತು ಇನ್ನೊಬ್ಬರ ತಲೆಗೆ ಹೋಗದು. ಅವರ ಆರೂ ಮಾತನ್ನು ಒಂದೇ ಹಳದಿ ಹಾಳೆಗೆ ಇಳಿಸಿ, ಮನೆಯವರಿಗೆ ತಿಳಿಯುವಂತೆ ಮಾಡುವುದೇ ನಾನು ಹೊರುವ ಮಣ್ಣು.

ಆ ಹಾಳೆಯ ಕೊನೆಯ ಕಾಲಂ ನನ್ನದು. ಅದಕ್ಕಾಗಿ ಎರಡು ವರ್ಷ ಜಗಳವಾಡಿದ್ದೇನೆ. ಹಿಂದೊಮ್ಮೆ ಒಬ್ಬ ಮುದುಕರಿಗೆ ಇನ್ಸುಲಿನ್ ಚುಚ್ಚುವುದನ್ನು ಅವರ ಅಳಿಯನಿಗೆ ಹೇಳಿಕೊಟ್ಟು ಕಳಿಸಿದ್ದರು. ಅಳಿಯ ಮಾರನೇ ದಿನ ತನ್ನ ಊರಿಗೆ ಹೋದ. ಮೂರನೇ ದಿನ ಮುದುಕರು ಪ್ರಜ್ಞೆ ತಪ್ಪಿ ವಾಪಸು ಬಂದರು. ಆಮೇಲೆ ನಾನು ಹಟ ಹಿಡಿದೆ. 'ಮನೆಯಲ್ಲಿ ನೋಡಿಕೊಳ್ಳುವವರು ಯಾರು? ಅವರಿಗೆ ಹೇಳಿದೆಯೇ? ಅವರು ಮಾಡಿ ತೋರಿಸಿದರೇ?' ಎಂಬ ಕಾಲಂ ಇರಲೇಬೇಕು. ಮನೆಯಲ್ಲಿ ಚಮಚ ಹಿಡಿಯುವ ಕೈ ಯಾವುದೋ ಆ ಕೈಯೇ ಇಲ್ಲಿಗೆ ಬಂದು ಮಾಡಿ ತೋರಿಸಬೇಕು. ಗುಣಮಟ್ಟ ವಿಭಾಗದ ಮುಖ್ಯಸ್ಥರು (ಬೆನ್ನ ಹಿಂದೆ ನಾವೆಲ್ಲ ಅವರನ್ನು ಬರೀ 'ಗುಣಮಟ್ಟ' ಅನ್ನುವುದು) ಮೂಗು ಮುರಿದರು. "ಏನಮ್ಮಾ, ರೋಗಿ ಮನೆಯವರಿಗೆಲ್ಲಾ ಪರೀಕ್ಷೆ ಇಡ್ತೀರಾ?" ಅಂದರು. ಇಡುತ್ತೇನೆ ಅಂದೆ. ಕಾಲಂ ಬಂತು.

ಅಪ್ಪನಿಗೆ ಪಾರ್ಶ್ವವಾಯು ಹೊಡೆದಾಗ ನಮ್ಮ ಆಸ್ಪತ್ರೆಗೇ ತಂದೆವು. ಹದಿನಾರು ದಿನ. ಬಲಗೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು, ಗಂಟಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಗಟ್ಟಿ ಪದಾರ್ಥ ಹಿಸುಕಿ ಕೊಟ್ಟರೆ ಇಳಿಯುತ್ತಿತ್ತು. ತೆಳ್ಳಗಿನ ನೀರು ಮಾತ್ರ ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗುತ್ತಿತ್ತು. ಅದಕ್ಕೆ ಒಂದು ಪುಡಿ ಇದೆ. ನೀರಿಗೆ ಕಲಸಿದರೆ ನೀರು ಗಂಜಿಯ ಹಾಗೆ ಗಟ್ಟಿಯಾಗುತ್ತದೆ, ನಿಧಾನ ಇಳಿಯುತ್ತದೆ. ಕುಡಿಯುವವರಿಗೆ ಅದು ಅಸಹ್ಯ. ವಾರ್ಡಿನಲ್ಲಿ ಅದನ್ನು ಕಲಸಿ ಕುಡಿಸುತ್ತಿದ್ದವರು ಸಿಸ್ಟರುಗಳು.

ಹದಿನಾರನೇ ದಿನ ಮಂಗಳವಾರ. ಸಭೆಯಲ್ಲಿ ಅಪ್ಪನ ಹಾಳೆ. ಅಮ್ಮ ಬಂದಿರಲಿಲ್ಲ. ಹೊಲಿಗೆ ಮಿಷನ್ನು ಸರಿಸಿ, ಬಚ್ಚಲಿಗೆ ಹತ್ತಿರ ಮಂಚ ಹಾಕಿಸಲು ಬೆಳಗ್ಗೆಯೇ ಮನೆಗೆ ಹೋಗಿದ್ದಳು. ಮೇಜಿನ ಸುತ್ತ ಆರೂ ಜನ ನನ್ನ ಮುಖ ನೋಡಿ ಮಾತಾಡಿದರು.

"ದಿನಕ್ಕೆರಡು ಸಲ ಕೈ ಆಡಿಸಿ, ನಿಮಗೆ ಗೊತ್ತಲ್ಲ," ಅಂದ ಫಿಸಿಯೋ.

"ರಕ್ತ ತೆಳು ಮಾಡೋ ಮಾತ್ರೆ ತಪ್ಪಬಾರದು, ನಿಮಗೆ ಗೊತ್ತಿರೋದೇ," ಅಂದರು ಡಾಕ್ಟರು.

"ನೀರು ಬರೀ ನೀರಾಗಿ ಬೇಡ. ಪುಡಿ, ಕೂರಿಸಿ ಕೊಡೋದು, ಗಲ್ಲ ತಗ್ಗಿಸೋದು. ಅಯ್ಯೋ, ನಿಮಗೇನು ಹೇಳೋದು ಮೇಡಂ, ನಿಮಗೆ ಗೊತ್ತಲ್ಲ," ಅಂದಳು ಥೆರಪಿಸ್ಟ್.

ಆರು ಬಾಯಿಂದಲೂ ಅದೇ ಮಾತು ಬಂತು. ನನಗೋ, ಹೇಳಲು ನಾಚಿಕೆಯಾಗುತ್ತದೆ, ಖುಷಿಯಾಯಿತು. ಐದು ವರ್ಷ ಅರ್ಧ ಡಾಕ್ಟ್ರು ಅನ್ನಿಸಿಕೊಂಡವಳಿಗೆ ಆ ಮೇಜಿನ ಮುಂದೆ ಎಲ್ಲ ಗೊತ್ತಿರುವವಳು ಅನ್ನಿಸಿಕೊಳ್ಳುವ ಹೊತ್ತು ಅದು. ಕೊನೆಯ ಕಾಲಮ್ಮಿಗೆ ಬಂದೆ. ಯಾರು? 'ಮಗಳು' ಎಂದು ಬರೆದೆ. ಹೇಳಿದೆಯೇ? ಹೌದು. ಮಾಡಿ ತೋರಿಸಿದರೇ? ಹೌದು. ಕೆಳಗೆ ನನ್ನದೇ ಸಹಿ. ಬೇರೆ ಯಾವ ಮಗಳಾದರೂ ಹಾಗೆ ಬರೆಸಲು ಬಂದಿದ್ದರೆ, "ನೀವು ಆಫೀಸಿಗೆ ಹೋದ್ಮೇಲೆ ಊಟ ಮಾಡಿಸೋದು ಯಾರಮ್ಮಾ? ಅವರನ್ನ ಕರ್ಕೊಂಡು ಬನ್ನಿ," ಎಂದು ವಾಪಸು ಕಳಿಸುತ್ತಿದ್ದೆ. ಎಷ್ಟೋ ಜನರನ್ನು ಕಳಿಸಿದ್ದೇನೆ.

ಸಂಜೆ ಅಪ್ಪನನ್ನು ಮನೆಗೆ ತಂದೆವು. ಮಾರನೇ ದಿನ ಕೆಲಸಕ್ಕೆ ಹೊರಟವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು ಹೇಳಿದೆ: "ಅಮ್ಮ, ಅಪ್ಪನಿಗೆ ನೀರಿಗೆ ಈ ಪುಡಿ ಒಂದು ಚಮಚ ಕಲಸಿ ಕೊಡು. ಮರೀಬೇಡ."

"ಒಳ್ಳೇದೇನೇ ಇದು?"

"ಹ್ಞೂಂ, ತುಂಬಾ ಒಳ್ಳೇದು," ಅಂದೆ. ಬಸ್ಸಿಗೆ ಹೊತ್ತಾಗಿತ್ತು. ಬೇರೆ ಯಾರದೋ ಮನೆಯವರು ಮಾಡಿ ತೋರಿಸುವುದನ್ನು ನೋಡಲು ಓಡಿದೆ.

ಮನೆಗೆ ಬಂದ ಒಂಬತ್ತನೇ ದಿನ ಅಪ್ಪನಿಗೆ ಜ್ವರ ಏರಿತು. ಉಸಿರು ಗೊರಗೊರ. ಆಂಬುಲೆನ್ಸಿನಲ್ಲಿ ಅಮ್ಮ ಅವನ ಕಾಲು ತಿಕ್ಕುತ್ತಾ ನನಗೆ ವರದಿ ಒಪ್ಪಿಸಿದಳು.

"ನಾನೇನೂ ಕಮ್ಮಿ ಮಾಡ್ಲಿಲ್ಲ ಕಣೇ. ನಿನ್ನ ಶಕ್ತಿ ಪುಡಿ ಹಾಲಿಗೆ ಎರಡೆರಡು ಚಮಚ ಹಾಕಿ ಕೊಟ್ಟಿದೀನಿ. ನೀರಿಗೆ ಹಾಕಿದ್ರೆ ಥೂ ಅಂತ ಉಗೀತಿದ್ರು ಪಾಪ. ಅದಕ್ಕೆ ನೀರು ಬರೀ ನೀರೇ ಕೊಟ್ಟೆ. ಶಕ್ತಿ ಹಾಲಲ್ಲಿ ಹೋಗುತ್ತಲ್ಲ."

ಶಕ್ತಿ ಪುಡಿ! ಬಾಗಿಲಲ್ಲಿ ನಿಂತು 'ತುಂಬಾ ಒಳ್ಳೇದು' ಅಂದಿದ್ದೆನಲ್ಲ. ಮತ್ತೆ ಆಸ್ಪತ್ರೆ ಸೇರಿದ ಐದನೇ ದಿನ ಅಪ್ಪ ಹೋದ. ನ್ಯುಮೋನಿಯಾ ಎಂದು ಬರೆದರು.

ಮನೆಗೆ ಬಂದು ಹೋಗುವವರೆಲ್ಲರ ಮುಂದೆ ಅಮ್ಮ ಒಂದೇ ಮಾತು ಹೇಳತೊಡಗಿದಳು. "ಕೇಳ್ದಾಗೆಲ್ಲಾ ನೀರು ಕೊಟ್ಟೆ. ಒಂದು ಸಲಾನೂ ಇಲ್ಲ ಅನ್ಲಿಲ್ಲ. ಬಾಯಾರ್ಕೊಂಡು ಹೋಗ್ಲಿಲ್ಲ ಅವರು. ಅದೊಂದೇ ಸಮಾಧಾನ ನಂಗೆ." ಬಂದವರು ಕಣ್ಣೊರೆಸಿಕೊಂಡು "ಪುಣ್ಯವಂತೆ ನೀನು," ಅನ್ನುವರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಲ್ಲುತ್ತಿದ್ದೆ.

ಮೂವತ್ತು ದಿನದೊಳಗೆ ವಾಪಸು ಬಂದ ರೋಗಿಯ ಕಡತವನ್ನು ಮತ್ತೆ ನೋಡಬೇಕೆಂಬುದು ನಿಯಮ. ಮನೆಯಲ್ಲಿ ನೋಡಿಕೊಂಡವರಿಗೆ ಫೋನ್ ಮಾಡಿ ಪ್ರಶ್ನೆ ಕೇಳಬೇಕು. ಪ್ರಶ್ನೆಗಳನ್ನು ಬರೆದವಳೂ ನಾನೇ. ನಾಲ್ಕನೆಯದು: 'ನೀರನ್ನು ಗಟ್ಟಿ ಮಾಡಿ ಕೊಡುತ್ತಿದ್ದಿರಾ? ಇಲ್ಲವಾದರೆ, ಬರೀ ನೀರು ಕೊಡಬಾರದೆಂದು ನಿಮಗೆ ಯಾರಾದರೂ ಹೇಳಿದ್ದರೇ?' ಆ ಫೋನು ಬಂದರೆ ಅಮ್ಮನಿಗೆ ಒಂದೇ ನಿಮಿಷದಲ್ಲಿ ಎಲ್ಲ ತಿಳಿಯುತ್ತದೆ.

ಗುಣಮಟ್ಟ ನನ್ನನ್ನು ಕರೆದು ಕೂರಿಸಿದರು. "ಹಾಳೆ ನೋಡ್ದೆ. ಒಂದು ಖಾಲಿ ಜಾಗ ಇಲ್ಲ, ಅಚ್ಚುಕಟ್ಟು. ನಿಮ್ಮ ತಾಯಿಗೆ ಫೋನ್ ಮಾಡೋದೊಂದು ಬಾಕಿ. ದುಃಖದಲ್ಲಿರೋರು, ಯಾಕೆ ಸುಮ್ನೆ? ನೀವು ಹ್ಞೂಂ ಅಂದ್ರೆ ಲೋಪ ಇಲ್ಲ ಅಂತ ಮುಚ್ಚಿಬಿಡ್ತೀನಿ."

ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ತಮ್ಮ ಮನೆಯವರ ಹಾಳೆಗೆ ತಾವೇ ಸಹಿ ಹಾಕಬಾರದೆಂದು ಒಂದು ಸಾಲು ಸೇರಿಸಿದರೆ ಸಾಕಿತ್ತು. ಆದರೆ ಲೋಪವಿಲ್ಲದ ಕಡತದಿಂದ ನಿಯಮ ಬದಲಾಗುವುದಿಲ್ಲ. ನನ್ನ ಹಾಗೆಯೇ ಎಲ್ಲ ಗೊತ್ತಿರುವವರು ಆ ಕಟ್ಟಡದಲ್ಲಿ ನಾನೂರು ಜನ ಇದ್ದರು, ಅವರಿಗೂ ಅಪ್ಪ ಅಮ್ಮ ಇದ್ದರು. ಅದೆಲ್ಲ ಗೊತ್ತಿದ್ದೇ "ಹ್ಞೂಂ" ಅಂದೆ. ಅಮ್ಮನ ಹತ್ತಿರ ಉಳಿದಿದ್ದದ್ದು ಆ ಒಂದು ಸಮಾಧಾನ. ಅದನ್ನು ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ. ನನ್ನ ಮಾನ ಉಳಿಯಿತು ಎಂಬುದೂ ಸುಳ್ಳಲ್ಲ.

ಮೂರು ತಿಂಗಳಾದ ಮೇಲೆ ನಾನು ಓದಿದ ಕಾಲೇಜಿನಿಂದ ಕರೆ ಬಂತು. ನನ್ನ ಸಹಪಾಠಿ ಈಗ ಅಲ್ಲಿ ಉಪನ್ಯಾಸಕಿ. "ಈ ಕೋರ್ಸ್ ಮಾಡಿದ್ರೆ ಏನು ಕೆಲಸ ಸಿಗುತ್ತೆ ಅಂತ ಮಕ್ಕಳು ಪ್ರಾಣ ತಿಂತಿದಾರೆ ಕಣೇ. ಕೆಲಸ ಸಿಕ್ಕಿರೋಳು ನೀನೊಬ್ಳೇ. ಬಂದು ನಾಲ್ಕು ಒಳ್ಳೆ ಮಾತಾಡು," ಅಂದಳು. ಹೋದೆ. ಮುಖ್ಯ ಅತಿಥಿ ಗುಣಮಟ್ಟ. ವೇದಿಕೆಯ ಹಿಂದೆ 'ಅಂತರಶಿಸ್ತೀಯ ಆರೋಗ್ಯ ಅಧ್ಯಯನ: ಉದ್ಯೋಗಾವಕಾಶಗಳು' ಎಂಬ ಬ್ಯಾನರು, ಒಂದು ಮೂಲೆ ಬಿಚ್ಚಿ ಜೋತುಬಿದ್ದಿತ್ತು. ಕೆಳಗೆ ಅರವತ್ತು ಮಕ್ಕಳು. ಆರೋಗ್ಯ ವಿಮೆ, ಸರ್ವೆ, ಸಲಹೆ, ಸಂಶೋಧನೆ ಎಂದು ಗುಣಮಟ್ಟ ಅರ್ಧ ಗಂಟೆ ಆಕಾಶ ತೋರಿಸಿದರು. ಆಮೇಲೆ ನನ್ನ ಬೆನ್ನು ತಟ್ಟಿ, "ಇವರ ಕೆಲಸದ ಮಾದರಿ ತಂದಿದೀನಿ, ನೋಡಿ," ಎಂದು ಜೆರಾಕ್ಸ್ ಹಂಚಿಸಿದರು.

ನನ್ನ ಕೈಗೂ ಒಂದು ಬಂತು. ಹೆಸರಿನ ಮೇಲೆ ಕಪ್ಪು ಪಟ್ಟಿ. ವಯಸ್ಸು ಅರವತ್ತೆಂಟು, ಬಲಗೈ, ನುಂಗುವ ತೊಂದರೆ. ಇಡೀ ಆಸ್ಪತ್ರೆಯಲ್ಲಿ ಒಂದು ಕಾಲಮ್ಮೂ ಖಾಲಿ ಬಿಡದೆ ತುಂಬಿದ ಹಾಳೆ ಹುಡುಕಿದ್ದಾರೆ ಪುಣ್ಯಾತ್ಮರು, ಅಪ್ಪನದೇ ಸಿಕ್ಕಿದೆ. ಅದು ಯಾರದೆಂದು ಅವರಿಗೆ ನೆನಪೂ ಇರಲಿಲ್ಲ.

ನಾನು ಮಾತಾಡಲು ಎದ್ದೆ. ಏನೇನೋ ಹೇಳಿದೆ. ಕೊನೆಗೆ ಪ್ರಶ್ನೆ ಕೇಳಿ ಅಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹಾಳೆ ಹಿಡಿದುಕೊಂಡು ಎದ್ದಳು.

"ಮೇಡಂ, ಕೊನೇ ಕಾಲಮ್ಮಲ್ಲಿ 'ಮಗಳು' ಅಂತಿದೆ. ಮೇಲೆ ಮನೆಯವರ ವಿವರದಲ್ಲಿ ಹೆಂಡತಿ ಗೃಹಿಣಿ, ಮಗಳು ಉದ್ಯೋಗಿ ಅಂತಿದೆ. ಹಗಲೊತ್ತು ಇವರಿಗೆ ನೀರು ಕೊಡೋದು ಯಾರು?"

ಆರು ಜನ ಪರಿಣತರಿಗೆ, ಗುಣಮಟ್ಟಕ್ಕೆ, ನನಗೆ ಕಾಣದ್ದು ಈ ಹುಡುಗಿಗೆ ಹತ್ತು ನಿಮಿಷದಲ್ಲಿ ಕಂಡಿತ್ತು.

"ಹೆಂಡತಿ," ಅಂದೆ.

"ಮತ್ತೆ ಅವರಿಗೆ ಯಾರು ಹೇಳಿದ್ರು ಮೇಡಂ?"

ಗುಣಮಟ್ಟ ಗಡಿಯಾರ ನೋಡಿಕೊಂಡರು. ಏನಾದರೂ ಹೇಳಿ ಹಾರಿಸಬಹುದಿತ್ತು, ಹುಡುಗಿ ಕೂತುಬಿಡುತ್ತಿದ್ದಳು. ಮುಂದೆ ಎಲ್ಲಿಯೋ ಒಂದು ಕೋಣೆಯಲ್ಲಿ ಇಂಥದೇ ಹಾಳೆ ತುಂಬುತ್ತಿದ್ದಳು.

"ಯಾರೂ ಹೇಳ್ಲಿಲ್ಲಮ್ಮಾ," ಅಂದೆ. "ಅವರು ಸತ್ತುಹೋದ್ರು. ಅದು ನಮ್ಮಪ್ಪ. ಮಗಳು ನಾನು."

ವಾಪಸು ಬರುವಾಗ ಕಾರಿನಲ್ಲಿ ಗುಣಮಟ್ಟ, "ನೀವು ಅರವತ್ತು ಜನರ ಮುಂದೆ ಹೇಳಿದೀರಿ. ಈಗ ಕಡತ ತೆರೀದೆ ವಿಧಿಯಿಲ್ಲ. ನಾಳೆ ಬೆಳಗ್ಗೆ ಹತ್ತಕ್ಕೆ ಮನೆಗೆ ಫೋನ್ ಬರುತ್ತೆ," ಅಂದರು. ಮತ್ತೆ, ಸ್ವಲ್ಪ ತಗ್ಗಿದ ದನಿಯಲ್ಲಿ, "ಮೊದಲು ನೀವೇ ಹೇಳ್ಬಿಡಿ," ಅಂದರು.

ಸಂಜೆ ಮನೆಗೆ ಬಂದಾಗ ಅಮ್ಮ ಅಪ್ಪನ ಮಿಷನ್ನಿನ ಮುಂದೆ ಕೂತು ಹಳೆಯ ಗುಂಡಿಗಳನ್ನು ಬಣ್ಣ ಬಣ್ಣ ಬೇರೆ ಮಾಡುತ್ತಿದ್ದಳು. ಪಕ್ಕದಲ್ಲಿ ಕೂತೆ. ಪುಡಿ ಶಕ್ತಿಗಲ್ಲ ಎಂದೆ. ನೀರು ಎಲ್ಲಿಗೆ ಹೋಗುತ್ತಿತ್ತು ಎಂದೆ. ಹೇಳುತ್ತಾ ಹೋದೆ, ಅವಳು ತಡೆಯಲಿಲ್ಲ. ಕೈಯಲ್ಲಿದ್ದ ಬಿಳಿ ಗುಂಡಿಯನ್ನು ಎಲ್ಲಿಗೆ ಹಾಕುವುದೆಂದು ತಿಳಿಯದೆ ಹಿಡಿದುಕೊಂಡೇ ಇದ್ದಳು.

"ಇದು ಯಾರ್ಯಾರಿಗೆ ಗೊತ್ತಿತ್ತು?" ಎಂದು ಕೊನೆಗೆ ಕೇಳಿದಳು.

"ಡಾಕ್ಟರಿಗೆ, ಸಿಸ್ಟರಿಗೆ, ಎಲ್ಲರಿಗೂ. ನನಗೂ."

"ಅಷ್ಟು ಜನಕ್ಕೆ ಗೊತ್ತಿತ್ತಲ್ಲೇ. ಅವರ ಬಾಯಿಗೆ ಲೋಟ ಇಡೋಳು ನಾನು. ನಂಗೊಬ್ಳಿಗೆ ಹೇಳೋಕೆ ನಿಂಗೆ ಏನಾಗಿತ್ತೇ?"

ಕ್ಷಮಿಸು ಅಂದೆ. ಅವಳು ಎದ್ದು ಹೋಗಿ ದೀಪ ಹಾಕಿದಳು.

ಮಾರನೇ ದಿನ ಹತ್ತಕ್ಕೆ ಫೋನ್ ಬಂತು. ನಾನು ಎತ್ತಲು ಹೋದರೆ ಅಮ್ಮ ಕೈ ಅಡ್ಡ ಹಿಡಿದಳು. ಒಂದೊಂದಕ್ಕೂ ಸ್ಪಷ್ಟವಾಗಿ ಉತ್ತರ ಕೊಟ್ಟಳು. ನಾಲ್ಕನೆಯದಕ್ಕೆ, "ಇಲ್ಲ. ಬರೀ ನೀರು. ನಾನೇ ಕೊಟ್ಟೆ, ಬರ್ಕೊಳ್ಳಿ," ಅಂದಳು. ಮುಂದಿನ ತಿಂಗಳು ನಿಯಮ ಬದಲಾಯಿತು. ಈಗ ನೌಕರರು ತಮ್ಮ ಮನೆಯವರ ಹಾಳೆಗೆ ಸಹಿ ಹಾಕುವಂತಿಲ್ಲ. ಗುಣಮಟ್ಟ ಅದಕ್ಕೆ ನನ್ನ ಹೆಸರನ್ನೂ ಸೇರಿಸಿ ಪ್ರಶಂಸಾಪತ್ರ ಕಳಿಸಿದ್ದಾರೆ. ಬೀರುವಿನಲ್ಲಿದೆ.

ಆ ಹಿಂದಿನ ಬೆಂಚಿನ ಹುಡುಗಿ ನಮ್ಮಲ್ಲಿಗೇ ತರಬೇತಿಗೆ ಬಂದಿದ್ದಾಳೆ. ಒಳ್ಳೆಯ ಕೆಲಸಗಾರ್ತಿ, ಯಾರಿಗೂ ನಿಮಗೆ ಗೊತ್ತಲ್ಲ ಅನ್ನುವುದಿಲ್ಲ. ಒಂದು ಭಾನುವಾರ ಮನೆಗೂ ಬಂದಿದ್ದಳು. ಅಮ್ಮ ಈಗ ಬಂದವರ ಮುಂದೆ ಆ ಸಮಾಧಾನದ ಮಾತು ಆಡುವುದಿಲ್ಲ. ಹುಡುಗಿಗೆ ಒಂದು ಲೋಟ ನೀರು ತಂದುಕೊಟ್ಟಳು. ಕೊಟ್ಟು ಒಳಗೆ ಹೋಗಲಿಲ್ಲ. ಅವಳೆದುರಿಗೇ ನಿಂತು, ಕೊನೆಯ ಗುಟುಕು ಇಳಿಯುವವರೆಗೂ ಅವಳ ಗಂಟಲನ್ನೇ ನೋಡುತ್ತಿದ್ದಳು.